ತೇಪೆಯ ತಾತ್ಪರ್ಯ

ಮಿರಜ ಸೀಮೆಯ ಸಲಗರೆಯ ನಮ್ಮ ಮನೆಯ ಪಡಸಾಲೆಯಲ್ಲಿ ಮಧ್ಯಾಹ್ನದ ಊಟ ಮುಗಿದ ಮೇಲೆ ಅಜ್ಜಿ ತನ್ನ ಕೌದಿಯನ್ನು ಹರವಿಕೊಂಡು ಕುಳಿತಳೆಂದರೆ, ಆ ಕೌದಿಯ ಒಂದೊಂದು ತೇಪೆಗೂ ಅವಳಲ್ಲಿ ಒಂದೊಂದು ವೃತ್ತಾಂತವಿರುತ್ತಿತ್ತು: ಈ ನೀಲಿ ತುಂಡು ನನ್ನ ತಂದೆಯ ಶಾಲೆಯ ಅಂಗಿಯದು, ಈ ಕೆಂಪು ಅಂಚು ಮಿರಜಿನ ಪೇಟೆಯಿಂದ ತಂದ ಇಳಕಲ್ ಸೀರೆಯದು, ಈ ಮೂಲೆಯ ದಪ್ಪ ಬಟ್ಟೆ ಇಲಿ ಕಡಿದಲ್ಲಿ ಹಾಕಿದ್ದು, ಆದಕಾರಣ ನೋಡಲು ಕುರೂಪವಾಗಿದ್ದರೂ ಅದನ್ನು ಬಿಚ್ಚಕೂಡದು. ಮೊದಲ ಎರಡು ಮಾತುಗಳು ನೆನಪಿನವು. ಕೊನೆಯದು ಮಾತ್ರ ಕೆಲಸದ್ದು. ತೇಪೆ ಏನೆಂಬುದು ಕಣ್ಣಿಗೇ ಕಾಣುತ್ತದೆ. ಏಕೆ ಹಾಕಿದ್ದೆಂಬುದು ಹಾಕಿದವಳ ಬಾಯಿಂದಲ್ಲದೆ ಬೇರೆಲ್ಲಿಂದಲೂ ತಿಳಿಯದು. ಅದು ತಿಳಿಯದ ಸೊಸೆಯು ಮುಂದೊಂದು ದಿನ ಅಂದಕ್ಕಾಗಿ ಆ ಮೂಲೆಯನ್ನು ಬಿಚ್ಚಿದರೆ ಹತ್ತಿ ಹೊರಬೀಳುವುದೇ ಸರಿ.

ಲಿನಕ್ಸ್ ಎಂಬ ಕರ್ನೆಲಿನ, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ಕಾರ್ಯಕ್ರಮದ, ಡ್ರೈವರುಗಳಲ್ಲಿ ಕೆಲಸ ಮಾಡುತ್ತ ಬೆಂಗಳೂರಿನಲ್ಲಿ ಹಲವು ವರ್ಷ ಕಳೆದು ಈಗ ಊರಿಗೆ ಮರಳಿರುವ ನನಗೆ, ಈ ವೃತ್ತಿಯಲ್ಲಿ ತಿದ್ದುಪಡಿಗೆ ಪ್ಯಾಚ್, ಅಂದರೆ ತೇಪೆ, ಎಂಬ ಹೆಸರೇ ನಿಂತಿರುವುದು ಒಂದು ಸುಯೋಗವಾಗಿ ತೋರುತ್ತದೆ. ತೇಪೆಗಳ ಸಾಲನ್ನು ಒಂದರ ಮೇಲೊಂದಾಗಿ ಇಟ್ಟು ನಿರ್ವಹಿಸುವುದಕ್ಕೆ ಕರ್ನೆಲಿನವರು ಬಳಸುವ ಒಂದು ಹಳೆಯ ಉಪಕರಣದ ಹೆಸರು ಕ್ವಿಲ್ಟ್, ಅಂದರೆ ಕೌದಿಯೇ! ಭೇದವಿರುವುದು ಇಷ್ಟರಲ್ಲಿ: ಅಜ್ಜಿಯ ಕೌದಿಯನ್ನು ಹೊಲಿದವಳು ಒಬ್ಬಳು, ಹೊದೆದವರು ಹತ್ತು ಜನ, 1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ ಆರಂಭಿಸಿದ ಈ ಕೌದಿಯನ್ನಾದರೋ ಜಗತ್ತಿನ ಸಾವಿರಾರು ಕೈಗಳು ಏಕಕಾಲದಲ್ಲಿ ಹೊಲಿಯುತ್ತಿರುವುವು. ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊಸ ಆವೃತ್ತಿ ಹೊರಬರುವುದು. ಪ್ರತಿಯೊಂದರಲ್ಲಿಯೂ ಹತ್ತು ಸಾವಿರಕ್ಕೆ ಮಿಕ್ಕಿದ ತೇಪೆಗಳು. ಇಡೀ ಮೂಲಪಾಠದ ಅರ್ಧಕ್ಕೂ ಹೆಚ್ಚಿನ ಭಾಗ ಡ್ರೈವರುಗಳದು, ಅಂದರೆ ಕರ್ನೆಲಿಗೂ ಒಂದೊಂದು ಯಂತ್ರಭಾಗಕ್ಕೂ ನಡುವೆ ದುಭಾಷಿಯ ಕೆಲಸ ಮಾಡುವ ಕಾರ್ಯಕ್ರಮಗಳದು. ಇಲ್ಲಿ ವೃತ್ತಾಂತವನ್ನು ಬಾಯಲ್ಲಿ ಹೇಳುವ ಅಜ್ಜಿಯಿಲ್ಲವಾದ್ದರಿಂದ, ಪ್ರತಿಯೊಂದು ತೇಪೆಯೂ ತನ್ನ ವೃತ್ತಾಂತವನ್ನು ತಾನೇ ಹೊತ್ತು ತರಬೇಕೆಂದು ನಿಯಮವಾಗಿದೆ. ಇತಿಹಾಸದಲ್ಲಿ ದಾಖಲಾದ ತೇಪೆಗೆ ಕಮಿಟ್ ಎಂದು ಹೆಸರು, ಅದು ಹೊತ್ತು ತರುವ ವೃತ್ತಾಂತವೇ ಕಮಿಟ್ ಸಂದೇಶ. ಅದನ್ನು ತಿಳಿಯಾಗಿ ಬರೆಯುವ ಬಗೆ ಹೇಗೆಂದು, ಈ ಕೆಲಸಕ್ಕೆ ಹೊಸತಾಗಿ ಬರುತ್ತಿರುವ ನಮ್ಮ ಹುಡುಗ ಹುಡುಗಿಯರ ಸಲುವಾಗಿ ನಾಲ್ಕು ಮಾತು ಬರೆಯಬೇಕೆನಿಸಿದುದಕ್ಕೆ ನನ್ನ ತಮ್ಮನ ಮಗನೇ ಕಾರಣ.

ಅವನ ಕಥೆಗೆ ಮೊದಲು, ಸಂದೇಶವಿಲ್ಲದಿದ್ದರೆ ಏನಾಗುವುದೆಂಬುದಕ್ಕೆ ಕರ್ನೆಲಿನಲ್ಲಿಯೇ ಇರುವ ಒಂದು ನಿದರ್ಶನವನ್ನು ಹೇಳಿಬಿಡುತ್ತೇನೆ. ತೇಪೆಗಳ ಇತಿಹಾಸವನ್ನು ಕಾದಿಡಲು ಅಲ್ಲಿಯವರೆಗೆ ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ಸಾಧನವು ಉಚಿತವಾಗಿ ದೊರೆಯದಂತಾಗಲು, ಟೋರ್ವಾಲ್ಡ್ಸ್ 2005ರ ಏಪ್ರಿಲಿನಲ್ಲಿ ಗಿಟ್ ಎಂಬ ತನ್ನದೇ ಸಾಧನವನ್ನು ರಚಿಸಿ, ಅದೇ ತಿಂಗಳ 16ರಂದು 2.6.12ರ ಎರಡನೆಯ ಪೂರ್ವಾವೃತ್ತಿಯನ್ನು ಇಡಿಯಾಗಿ ಅದರೊಳಗೆ ಇರಿಸಿದನು. ಹಳೆಯ ಇತಿಹಾಸವೆಲ್ಲ ಕೈಯಲ್ಲಿದ್ದರೂ ಸೇರಿಸಿದರೆ 3.2 ಗಿಗಾಬೈಟಿನಷ್ಟಾಗುವುದೆಂದೂ, ಬೇಕಾದರೆ ಮುಂದೆ ಅದಕ್ಕೆ ಬೇರೆಯೇ ಒಂದು ಸಂಗ್ರಹವನ್ನು ಮಾಡಬಹುದೆಂದೂ ಆ ಮೊದಲ ಕಮಿಟ್ ಸಂದೇಶದಲ್ಲಿಯೇ ಕಾರಣ ಹೇಳಿದ್ದಾನೆ. ಕಾರಣ ಹೇಳಿದ್ದು ಆತನ ಸೌಜನ್ಯ. ಆದರೂ ಫಲ ಫಲವೇ. ಇಂದಿಗೂ ಹಳೆಯ ಡ್ರೈವರೊಂದರ ವಿಚಿತ್ರವಾದ ಸಾಲಿನ ಮೇಲೆ ಬೆರಳಿಟ್ಟು, ಇದನ್ನು ಯಾರು ಏಕೆ ಬರೆದರೆಂದು ಗಿಟ್ ಬ್ಲೇಮ್ ಎಂಬ ಆಜ್ಞೆಯ ಮೂಲಕ ಕೇಳಿದರೆ, 1ಡಿಎ177 ಎಂದು ಮೊದಲಾಗುವ ಆ ಒಂದೇ ಕಮಿಟಿನ ಗೋಡೆಗೆ ಬಂದು ತಲೆ ಬಡಿಯುತ್ತದೆ. ಅದರಾಚೆಯ ಕಾರಣಗಳು ಅಲ್ಲಿಂದ ಕಾಣಿಸವು. ಅದೇ 2005ರ ಮಳೆಗಾಲದಲ್ಲಿ ನಮ್ಮ ಕೃಷ್ಣೆ ಉಕ್ಕಿ ಬಂದು, ಸಾಂಗಲಿಯ ಮಗ್ಗುಲಿನ ಹರಿಪುರದಲ್ಲಿ ಅರಿಶಿನವನ್ನು ವರ್ಷಗಟ್ಟಲೆ ಕಾಪಾಡುತ್ತಿದ್ದ ಹಗೇವುಗಳು, ಮರಾಠಿಯವರು ಪೇವವೆನ್ನುವ ನೆಲಗಣಜಗಳು, ಬಹಳಷ್ಟು ಹಾಳಾದವು. ಹಗೇವಿನ ವ್ಯವಹಾರ ಕಂಡವರಿಗೆ ನಾನು ಹೇಳಬೇಕಾದುದಿಲ್ಲ: ಒಳಗಿಟ್ಟ ಮಾಲು ಎಷ್ಟು ಉತ್ತಮವಾಗಿದ್ದರೂ, ಯಾರದು, ಯಾವ ವರ್ಷದ್ದು ಎಂದು ತಿಳಿಯದೆ ಹೋದರೆ ತೆಗೆದ ದಿನ ಜಗಳ ತಪ್ಪದು. ಕಾರಣ ತಿಳಿಯದ ಸಾಲಿನ ಗತಿಯೂ ಅದೇ.

ಈಗ ಹುಡುಗನ ಕಥೆ. ಅವನು ಓದು ಮುಗಿಸಿ ಪುಣೆಯಲ್ಲಿ ಒಂದು ಕಡೆ ಕೆಲಸಕ್ಕಿದ್ದಾನೆ. ದ್ರಾಕ್ಷಿಯನ್ನು ಒಣಗಿಸಿ ಬೇದಾಣೆ ಮಾಡುವ ನಮ್ಮ ಶೆಡ್ಡಿನಲ್ಲಿ ಗಾಳಿಯ ತೇವವನ್ನು ಅಳೆಯಲೆಂದು ಒಂದು ಚಿಕ್ಕ ಕಂಪ್ಯೂಟರ್ ಬೋರ್ಡಿಗೆ ಸೆನ್ಸರನ್ನು ಜೋಡಿಸಿ ಹೋಗಿದ್ದ. ಬ್ಯಾಟರಿ ಉಳಿಯಲೆಂದು ಬೋರ್ಡು ಆಗಾಗ ನಿದ್ರಿಸಿ ಆಗಾಗ ಎಚ್ಚರಗೊಳ್ಳುವುದು. ಎಚ್ಚರಗೊಂಡಾಗಲೆಲ್ಲ ಮೊದಲನೆಯ ಅಳತೆ ಸೊನ್ನೆ ಬರುವುದು. ಸೊನ್ನೆ ತೇವವೆಂದರೆ ಸಹಾರಾ ಮರುಭೂಮಿಯಲ್ಲಿಯೂ ಇಲ್ಲದ ಒಣಹವೆ! ಹುಡುಗ ಡ್ರೈವರಿನ ಮೂಲವನ್ನು ತೆರೆದು, ಸೆನ್ಸರನ್ನು ಎಚ್ಚರಿಸುವ ಸಾಲಿಗೂ ಓದುವ ಸಾಲಿಗೂ ನಡುವೆ 50 ಮಿಲಿಸೆಕೆಂಡು ಕಾಯುವ ಒಂದು ಸಾಲನ್ನು ಸೇರಿಸಿ, ‘ಫಿಕ್ಸ್ ಡಿಲೇ ಇಶ್ಯೂ’ ಎಂದು ಮೂರು ಪದಗಳ ಸಂದೇಶ ಬರೆದು, ಆ ಡ್ರೈವರನ್ನು ನೋಡಿಕೊಳ್ಳುವ ಮೇಂಟೇನರಿಗೆ ಕಳುಹಿಸಿದ. ಮರುದಿನವೇ ಎರಡು ಪ್ರಶ್ನೆಗಳು ಹಿಂದಿರುಗಿ ಬಂದವು: ಯಾವ ತೊಂದರೆ? 50 ಎಲ್ಲಿಂದ ಬಂತು? ದೀಪಾವಳಿಗೆ ಊರಿಗೆ ಬಂದವನು ಅದೇ ಸಿಡಿಮಿಡಿಯನ್ನು ಹೊತ್ತು ಬಂದಿದ್ದ.

“ಒಂದ ಸಾಲ ಕೋಡ್ ಐತಿ ಕಾಕಾ, ಅದಕ್ಕ ನಿಬಂಧ ಬರಿ ಅಂತಾರ. ಕೋಡ್ ನೋಡಿದ್ರ ತಿಳಿಯೂದಿಲ್ಲೇನ?”

“ನನಗ ತಿಳಿಲಿಲ್ಲಪಾ. ಏನ ಆಗಿತ್ತು, ಹೇಳ ನೋಡೂಣು.”

“ಬೋರ್ಡ ನಿದ್ದಿಯಿಂದ ಎದ್ದ ಕೂಡ್ಲೆ ಡ್ರೈವರ್ ಸೆನ್ಸರಿಗೆ ಕರೆಂಟ್ ಕೊಡತೈತಿ, ಕೊಟ್ಟಾಕ್ಷಣ ಓದಾಕ ಹೋಗತೈತಿ. ಸೆನ್ಸರ್ ತಯಾರಾಗಾಕ ಸ್ವಲ್ಪ ಹೊತ್ತ ಬೇಕು. ಅಷ್ಟರಾಗ ಓದಿದ್ರ ಸೊನ್ನಿ ಬರತೈತಿ, ಅದನ್ನ ಖರೇ ಅಂತ ತಿಳಿದು ಮ್ಯಾಲಿನವ್ರಿಗೆ ಕೊಡತೈತಿ. ಅದಕ್ಕ ಓದೂಕಿಂತ ಮೊದಲ ಕಾಯಬೇಕು.”

“ಇದನ್ನ ಬರಿ.”

ಹುಡುಗ ನನ್ನ ಮುಖ ನೋಡಿದ. ನಾನು ವಿನೋದಕ್ಕೆ ಹೇಳಿದ್ದಲ್ಲ. ಆ ಉಸಿರಿನಲ್ಲಿ ಅವನು ಆಡಿದ ಮಾತಿನೊಳಗೆ ಸಂದೇಶಕ್ಕೆ ಬೇಕಾದುದೆಲ್ಲ, ಬೇಕಾದ ಕ್ರಮದಲ್ಲಿಯೇ, ಇತ್ತು. ಈಗಿರುವ ಸ್ಥಿತಿ ಮೊದಲು, ಅದರಿಂದಾಗುವ ಕೇಡು ಆಮೇಲೆ, ಮಾಡಬೇಕಾದ ಪರಿಹಾರ ಕಡೆಗೆ. ಕರ್ನೆಲಿನಲ್ಲಿ ಎಕ್ಸ್86 ಪ್ರೊಸೆಸರುಗಳ ಭಾಗವೇ ಮೊದಲಾದ ಮೂಲಾಂಗಗಳನ್ನು ನೋಡಿಕೊಳ್ಳುವ ಟಿಪ್ ಎಂಬ ಶಾಖೆಯವರು ತಮ್ಮ ಮಾರ್ಗದರ್ಶಿಯಲ್ಲಿ ಸಂದರ್ಭ, ಸಮಸ್ಯೆ, ಪರಿಹಾರ ಎಂಬ ಇದೇ ಮೂರನ್ನು ಇದೇ ಅನುಕ್ರಮದಲ್ಲಿ ಬೇರೆ ಬೇರೆ ಕಂಡಿಕೆಗಳಾಗಿ ಬರೆಯುವುದು ಒಳ್ಳೆಯದೆಂದು ಹೇಳಿದ್ದಾರೆ. ಇಂಗ್ಲಿಷಿನವನಿಗೆ ಇದನ್ನು ಪ್ರಯತ್ನಪೂರ್ವಕವಾಗಿ ಕಲಿಸಬೇಕಾಗಬಹುದು, ಏಕೆಂದರೆ ಆ ಭಾಷೆಯ ವಾಕ್ಯ ಕ್ರಿಯೆಯನ್ನು ಬೇಗನೆ ಒದರಿಬಿಟ್ಟು ಕಾರಣವನ್ನು ಹಿಂದಿನಿಂದ ಎಳೆದು ತರುತ್ತದೆ. ಕನ್ನಡದ ವಾಕ್ಯವಾದರೋ, ‘ಇದು ಹೀಗಿದೆ, ಹೀಗಾಗುತ್ತಿದೆ, ಆದ್ದರಿಂದ ಹೀಗೆ ಮಾಡು’ ಎಂದು ಕಾರಣಗಳನ್ನೆಲ್ಲ ಮುಂದೆ ನಡೆಯಿಸಿ ಕ್ರಿಯಾಪದವನ್ನು ಕಟ್ಟಕಡೆಗೆ ಕೂರಿಸುವ ಸ್ವಭಾವದ್ದು. ನಮ್ಮ ಹುಡುಗರು ಇಂಗ್ಲಿಷು ಬಾರದೆಂಬ ಸಂಕೋಚದಿಂದ ಮೂರು ಪದಗಳಲ್ಲಿ ಮುಗಿಸುವುದಕ್ಕೆ ಬದಲಾಗಿ, ಮನೆಯವರಿಗೆ ಹೇಳುವಂತೆ ಮೊದಲು ಕನ್ನಡದಲ್ಲಿ ಬಾಯಿಬಿಟ್ಟು ಹೇಳಿಕೊಂಡು, ಹೇಳಿದ ಅನುಕ್ರಮವನ್ನು ಕೆಡಿಸದೆ, ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಾಗಿ ಇಳಿಸಿದರೆ, ವ್ಯಾಕರಣದ ಒಂದೆರಡು ತಪ್ಪುಗಳಿದ್ದರೂ ಅಭಿಪ್ರಾಯವು ನಿಸ್ಸಂದಿಗ್ಧವಾಗಿ ಮುಟ್ಟುತ್ತದೆ. ವ್ಯಾಕರಣವನ್ನು ಮೇಂಟೇನರೇ ತಿದ್ದಿಕೊಂಡಾನು. ನಿಮ್ಮ ಶೆಡ್ಡಿನಲ್ಲಿ ನಡೆದುದನ್ನು ಅವನು ಊಹಿಸಿಕೊಳ್ಳಲಾರ.

ಹುಡುಗನ ಮಾತಿನಲ್ಲಿ ಇನ್ನೊಂದು ಗುಣವಿತ್ತು; ಅದನ್ನು ಅವನು ಬರೆಯಲು ಕುಳಿತ ಕೂಡಲೆ ಕಳೆದುಕೊಂಡ. ಅವನ ಮೊದಲ ಕರಡನ್ನು ಕನ್ನಡಕ್ಕೆ ತಂದರೆ ಹೀಗಿತ್ತು: ‘ಈ ಪ್ಯಾಚಿನಲ್ಲಿ ವಿಳಂಬವನ್ನು ಸೇರಿಸಲಾಗಿದೆ ಹಾಗೂ ಸಮಸ್ಯೆಯನ್ನು ಸಮರ್ಪಕವಾಗಿ ಬಗೆಹರಿಸಲಾಗಿದೆ.’ ಇದು ಕಚೇರಿಯ ಸುತ್ತೋಲೆಯ ಭಾಷೆ. ‘ಲಾಗಿದೆ’ ಎಂಬ ಪ್ರತ್ಯಯವಿರುವಲ್ಲಿ ಮಾಡಿದವನು ಯಾರೆಂಬುದು ಎಂದಿಗೂ ಹೊರಬೀಳದು. ರಸ್ತೆಯನ್ನು ಅಗೆಯಲಾಗಿದೆ, ಕಡತವನ್ನು ಕಳೆಯಲಾಗಿದೆ! ಕರ್ನೆಲಿನ ಪದ್ಧತಿ ಇದಕ್ಕೆ ನೇರ ವಿರುದ್ಧವಾದದ್ದು. ತೇಪೆ ಕಳುಹಿಸುವವರಿಗಾಗಿ ಮೂಲಪಾಠದ ಜೊತೆಯಲ್ಲಿಯೇ ಇಟ್ಟಿರುವ ಮಾರ್ಗದರ್ಶಿಯು, ಮಾಡಿದ ಬದಲಾವಣೆಯನ್ನು ವಿಧಿರೂಪದಲ್ಲಿ ಹೇಳಬೇಕೆಂದು, ಅಂದರೆ ಮೂಲಪಾಠಕ್ಕೆ ನೀವು ಅಪ್ಪಣೆ ಕೊಡುತ್ತಿರುವಂತೆ ಬರೆಯಬೇಕೆಂದು ವಿಧಿಸುತ್ತದೆ: ‘ಕಾಯಿ’, ‘ಪರೀಕ್ಷಿಸು’, ‘ತೆಗೆದುಹಾಕು’. ‘ಈ ಪ್ಯಾಚು’ ಎನ್ನಬೇಕಾಗಿಲ್ಲ; ಯಾವ ಪ್ಯಾಚೆಂದು ಓದುವವನಿಗೆ ಗೊತ್ತೇ ಇದೆ. ‘ನಾನು’ ಬೇಡ, ಟಿಪ್ ಶಾಖೆಯವರು ‘ನಾವು’ ಎಂಬುದನ್ನು ಸಹ ಒಲ್ಲರು, ಏಕೆಂದರೆ ‘ನಾವು ಇಲ್ಲಿ ಕಾಯುತ್ತೇವೆ’ ಎಂದಾಗ ಕಾಯುವವರು ಬರೆದವರೊ, ಡ್ರೈವರೊ, ಪ್ರೊಸೆಸರೊ ಎಂಬುದು ನಿಷ್ಕರ್ಷೆಯಾಗದು. ಕ್ರಿಯೆಯ ವಿಷಯದಲ್ಲಿ ಎಷ್ಟು ನಿಷ್ಠುರತೆಯೋ ಕರ್ತೃವಿನ ವಿಷಯದಲ್ಲಿಯೂ ಅಷ್ಟೇ: ಸಂದರ್ಭವನ್ನು ಹೇಳುವಾಗ ಡ್ರೈವರು ಓದುತ್ತದೆ, ಸೆನ್ಸರು ಕೊಡುತ್ತದೆ, ಬಳಕೆದಾರನ ಪ್ರೋಗ್ರಾಮು ತಪ್ಪು ತಿಳಿಯುತ್ತದೆ ಎಂದು ಪ್ರತಿಯೊಂದು ಕ್ರಿಯೆಗೂ ಅದರ ಒಡೆಯನನ್ನು ಕಟ್ಟಿಹಾಕಬೇಕು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು, ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದ ನಾಡನ್ನು, ಎಂದರೆ ನಮ್ಮ ಈ ಸಲಗರೆಯೂ ಒಳಗೇ ಸೇರುವ ನಾಡನ್ನು, ಕನ್ನಡದ್ದೆಂದು ಗುರುತಿಸಿ, ತನ್ನ ಮೊದಲ ಪರಿಚ್ಛೇದವನ್ನು ಬರಹದ ದೋಷಾದೋಷಗಳ ವಿವೇಚನೆಗೇ ಮೀಸಲಿಟ್ಟಿತು. ಗುಣಕ್ಕಿಂತ ಮೊದಲು ದೋಷವನ್ನು ಕಲಿಸುವ ಆ ಕ್ರಮ ನನಗೆ ಈ ಕೆಲಸದಲ್ಲಿ ಬಹಳ ಉಪಯೋಗಕ್ಕೆ ಬಂದಿದೆ.

ಹಾಗಾದರೆ ದೋಷಗಳು ಯಾವುವು? ‘ಇಶ್ಯೂ’ ಎಂಬ ಶಬ್ದ ಪ್ರಥಮ ಸ್ಥಾನಕ್ಕೆ ಅರ್ಹವಾದದ್ದು. ಜ್ವರವೆಂದರೆ ಯಾವ ಜ್ವರವೆಂದು ವೈದ್ಯನು ಕೇಳುವನಷ್ಟೆ. ಹಾಗೆಯೇ ಇಲ್ಲಿ ಸೊನ್ನೆ ಬಂತೊ, ಯಂತ್ರ ನಿಂತಿತೊ, ನೆನಪಿನ ತಾಣ ಸೋರಿತೊ ಎಂದು ಹೇಳಬೇಕು. ‘ಪ್ರಾಪರ್ಲಿ’ ಎಂಬುದು ಎರಡನೆಯದು: ಸರಿಯಾಗಿ ನಿರ್ವಹಿಸು ಎಂದರೆ ಹಿಂದೆ ಏನು ತಪ್ಪಾಗಿತ್ತೆಂದೂ ತಿಳಿಯದು, ಈಗ ಏನು ಸರಿಯೆಂದೂ ತಿಳಿಯದು. ‘ಕೆಲವೊಮ್ಮೆ’ ಎಂದರೆ ನೂರರಲ್ಲಿ ಎಷ್ಟು ಸಲ? ವೇಗ ಹೆಚ್ಚಿತು, ನೆನಪು ಉಳಿಯಿತು ಎಂದರೆ ಎಷ್ಟು? ಅಂತಹ ಹೇಳಿಕೆಗೆ ಅಳೆದ ಅಂಕಿಗಳ ಬೆಂಬಲ ಬೇಕೆಂದು ಮಾರ್ಗದರ್ಶಿ ಸ್ಪಷ್ಟವಾಗಿ ಕೇಳುತ್ತದೆ. ಲಾಭಕ್ಕಾಗಿ ಯಾವುದನ್ನು ತೆತ್ತಿರೆಂಬುದನ್ನೂ ಕೇಳುತ್ತದೆ. ಇನ್ನು, ಸಂದೇಶದಲ್ಲಿ ‘ಮತ್ತು’ ಎಂಬ ಅವ್ಯಯ ಬಂದ ಕಡೆ ಒಮ್ಮೆ ಕೈ ತಡೆಯಿರಿ. ಒಂದು ತೇಪೆಗೆ ಒಂದೇ ಪ್ರಮೇಯವೆಂಬುದು ನಿಯಮವಾಗಿರುವಲ್ಲಿ, ವಿಳಂಬವನ್ನು ಸೇರಿಸು ಮತ್ತು ಹೆಸರನ್ನು ಬದಲಿಸು ಎಂದು ಬರೆಯಬೇಕಾಗಿ ಬಂದರೆ ತಪ್ಪಿರುವುದು ಸಂದೇಶದಲ್ಲಲ್ಲ, ತೇಪೆಯಲ್ಲಿ. ಅದನ್ನು ಎರಡಾಗಿ ಕತ್ತರಿಸುವುದೇ ಚಿಕಿತ್ಸೆ. ಸಂದೇಶವು ಅತಿಯಾಗಿ ಬೆಳೆಯಿತೆಂದರೂ ಹೀಗೆಯೇ ತಿಳಿಯತಕ್ಕದ್ದು. ನನ್ನ ಅನುಭವದಲ್ಲಿ ಬರೆಯಲು ಬಾರದ ಸಂದೇಶಗಳಲ್ಲಿ ಬಹುಪಾಲು ಇಂಗ್ಲಿಷಿನ ಕೊರತೆಯಿಂದ ಬಾರದವಲ್ಲ, ಮಾಡಿದುದೇನೆಂದು ಮಾಡಿದವನಿಗೇ ಖಚಿತವಿಲ್ಲದ್ದರಿಂದ ಬಾರದವು.

ಇದನ್ನು ಹೇಳುವ ಅಧಿಕಾರ ನನಗೆ ಬಂದುದು ಪುಣ್ಯದಿಂದಲ್ಲ. ಬೆಂಗಳೂರಿನ ಒಂದು ಕಚೇರಿಯಲ್ಲಿದ್ದಾಗ, ಅರ್ಥವಾಗದ ಒಂದು ಷರತ್ತಿನ ಸಾಲನ್ನು ಕಂಡು ರೇಗಿ, ಇದನ್ನು ಬರೆದ ಮಹಾನುಭಾವನಾರೆಂದು ಗಿಟ್ ಬ್ಲೇಮ್ ಕೇಳಿದರೆ ಏಳು ವರ್ಷ ಹಿಂದಿನ ತಾರೀಖಿನ ಪಕ್ಕದಲ್ಲಿ ನನ್ನದೇ ಹೆಸರಿತ್ತು. ಸಂದೇಶ, ‘ಮೈನರ್ ಫಿಕ್ಸ್’. ಮೂರು ದಿನ ತಲೆ ಕೆರೆದುಕೊಂಡರೂ ಕಾರಣ ನೆನಪಾಗಲಿಲ್ಲ. ತೆಗೆಯಲು ಧೈರ್ಯವಾಗದೆ ಆ ಸಾಲನ್ನು ಹಾಗೆಯೇ ಬಿಟ್ಟು ಬಂದೆ.

ಹುಡುಗನೊಡನೆ ಕುಳಿತು ಎರಡನೆಯ ಕರಡನ್ನು ಹೀಗೆ ಕಟ್ಟಿದೆವು. ಮೊದಲು ಸೆನ್ಸರಿನ ತಯಾರಕರು ಪ್ರಕಟಿಸಿದ ಡೇಟಾಶೀಟನ್ನು ಹುಡುಕಿಸಿದೆ. 50 ಎಲ್ಲಿಂದ ಬಂತೆಂದರೆ, “10 ಹಾಕಿದ್ರ ತಪ್ಪತಿತ್ತು, 50 ಹಾಕಿದ್ರ ತಪ್ಪಲಿಲ್ಲ” ಎಂಬುದಷ್ಟೇ ಅವನ ಉತ್ತರವಾಗಿತ್ತು. ಡೇಟಾಶೀಟಿನ ಕೋಷ್ಟಕದಲ್ಲಿ, ವಿದ್ಯುತ್ತು ಬಂದ ಮೇಲೆ ಸಿದ್ಧವಾಗಲು 30 ಮಿಲಿಸೆಕೆಂಡು ಎಂದು ಕಂಡಿತು. 50ನ್ನು 30 ಮಾಡಿದೆವು. ಸಂದೇಶದ ಒಡಲು, ಕನ್ನಡದಲ್ಲಿ ಹೇಳುವುದಾದರೆ, ಹೀಗಾಯಿತು:

‘ಯಂತ್ರವು ಸಸ್ಪೆಂಡಿನಿಂದ ಮರಳಿದಾಗ ಡ್ರೈವರು ಸೆನ್ಸರಿಗೆ ವಿದ್ಯುತ್ತು ಕೊಟ್ಟು ಆ ಕೂಡಲೆ ತೇವವನ್ನು ಓದುತ್ತದೆ.

ವಿದ್ಯುತ್ತು ಬಂದ ಮೇಲೆ ಸಿದ್ಧವಾಗಲು ಸೆನ್ಸರಿಗೆ 30 ಮಿಲಿಸೆಕೆಂಡು ಬೇಕೆಂದು ಡೇಟಾಶೀಟು ಹೇಳುತ್ತದೆ. ಅದಕ್ಕೆ ಮೊದಲು ಓದಿದರೆ ಸೆನ್ಸರು ಸೊನ್ನೆಯನ್ನು ಕೊಡುತ್ತದೆ. ಡ್ರೈವರು ಅದನ್ನೇ ಅಳತೆಯೆಂದು ಬಳಕೆದಾರನ ಪ್ರೋಗ್ರಾಮಿಗೆ ಒಪ್ಪಿಸುತ್ತದೆ.

ಮೊದಲ ಓದಿಗೆ ಮುನ್ನ 30 ಮಿಲಿಸೆಕೆಂಡು ಕಾಯಿ.’

ಇದಕ್ಕೆ ತಲೆಬರಹ ಬೇಕು. ತಲೆಬರಹವು 70 ರಿಂದ 75 ಅಕ್ಷರಗಳೊಳಗೆ ಮುಗಿಯಬೇಕು. ಅದರ ಆರಂಭದಲ್ಲಿ ಯಾವ ಉಪವ್ಯವಸ್ಥೆ, ಯಾವ ಡ್ರೈವರು ಎಂಬ ವಿಳಾಸವಿರಬೇಕು. ವಿಳಾಸದ ರೂಪವು ಒಂದೊಂದು ಓಣಿಯಲ್ಲಿ ಒಂದೊಂದು ತೆರನಾದ್ದರಿಂದ, ಗಿಟ್ ಲಾಗ್ ಎಂಬ ಆಜ್ಞೆಯ ಮೂಲಕ ಅದೇ ಕಡತದ ಹಿಂದಿನ ಹತ್ತು ತಲೆಬರಹಗಳನ್ನು ನೋಡಿ ಹಾಗೆಯೇ ಬರೆಯುವುದು ಲೇಸು. ತಲೆಬರಹ ಓದಿದ ಮಾತ್ರಕ್ಕೆ ಫಲವು ತಿಳಿಯುವಂತಿರಬೇಕು. ‘ವಿಳಂಬ ಸೇರಿಸು’ ಎಂದರೆ ಕೈ ಮಾಡಿದ ಕೆಲಸ ತಿಳಿಯಿತು; ‘ಎಚ್ಚೆತ್ತ ಸೆನ್ಸರು ಸಿದ್ಧವಾಗುವವರೆಗೆ ಕಾಯಿ’ ಎಂದರೆ ಅಭಿಪ್ರಾಯವೂ ತಿಳಿಯಿತು. ಒಡಲಿನ ಸಾಲುಗಳು 75 ಅಕ್ಷರಕ್ಕೆ ಮುರಿಯಬೇಕು. ಕರ್ನೆಲು ದೋಷಕ್ಕೊಳಗಾಗಿ ಉಗುಳಿದ ಉದ್ದುದ್ದ ದಾಖಲೆಯಿದ್ದರೆ ಅದನ್ನಿಡಿಯಾಗಿ ಸುರಿಯದೆ ತಪ್ಪನ್ನು ತೋರುವ ಸಾಲುಗಳನ್ನಷ್ಟೇ ಉಳಿಸಬೇಕು. ಇವೆಲ್ಲ ಸಣ್ಣ ವಿಷಯಗಳು. ಚೆಕ್‌ಪ್ಯಾಚ್ ಎಂಬ ಪರೀಕ್ಷಕ ಪ್ರೋಗ್ರಾಮು ಇವುಗಳಲ್ಲಿ ಅನೇಕವನ್ನು ತಾನೇ ಎತ್ತಿ ತೋರಿಸುತ್ತದೆ. ಆದರೆ ‘ಏಕೆ’ ಎಂಬುದು ಬಿಟ್ಟುಹೋಗಿದೆಯೆಂದು ತೋರಿಸುವ ಪ್ರೋಗ್ರಾಮನ್ನು ನಾನು ಕಂಡಿಲ್ಲ.

ಒಡಲಿನ ಕೆಳಗೆ ಬರುವ ಗುರುತಿನ ಸಾಲುಗಳನ್ನು ಕಂಡಾಗ ನನಗೆ ನಮ್ಮ ಸೀಮೆಯ ಕಲ್ಲಿನ ಶಾಸನಗಳು ನೆನಪಾಗುವುವು. ದಾನ ಕೊಟ್ಟವನು, ಭೂಮಿಯ ಎಲ್ಲೆ, ಸಾಕ್ಷಿಗಳು, ಕಡೆಗೆ ಬರೆದವನು, ಕಡೆದ ರೂವಾರಿ ಎಂದು ಶಾಸನವು ಹೇಗೆ ಒಬ್ಬೊಬ್ಬರನ್ನೂ ಅವರವರ ಪಾತ್ರದಲ್ಲಿ ನಿಲ್ಲಿಸುತ್ತದೆಯೊ, ಇಲ್ಲಿಯೂ ಹಾಗೆಯೇ. ಅವುಗಳಲ್ಲಿ ಸೈನ್ಡ್-ಆಫ್-ಬೈ ಎಂಬ ಸಹಿಯಿಲ್ಲದೆ ತೇಪೆ ಒಳಗೆ ಹೋಗದು. ಎಸ್‌ಸಿಒ ಎಂಬ ಕಂಪನಿಯು 2003ರಲ್ಲಿ ಐಬಿಎಂ ಮೇಲೆ ದಾವೆ ಹೂಡಿ ಲಿನಕ್ಸಿನ ಮೂಲಪಾಠದ ಹಕ್ಕಿನ ಪ್ರಶ್ನೆಯನ್ನೆತ್ತಿದ ಮೇಲೆ, 2004ರಲ್ಲಿ ಈ ಪದ್ಧತಿ ನೆಲೆಗೊಂಡಿತು. ಇದನ್ನು ಕೊಡುವ ಹಕ್ಕು ನನಗಿದೆ ಎಂಬ ಪ್ರಮಾಣವಲ್ಲದೆ, ಇದು ಚೆನ್ನಾಗಿದೆ ಎಂಬ ಪ್ರಶಂಸೆ ಆ ಸಹಿಯಲ್ಲಿಲ್ಲ. ಫಿಕ್ಸಸ್ ಎಂಬ ಸಾಲು ತಪ್ಪನ್ನು ಮೊದಲು ತಂದ ಕಮಿಟಿನ ಗುರುತಿನ ಮೊದಲ 12 ಅಕ್ಷರಗಳನ್ನೂ ಅದರ ತಲೆಬರಹವನ್ನೂ ಹೊತ್ತಿರುತ್ತದೆ. ಎಷ್ಟು ಉದ್ದವಾದರೂ ಈ ಸಾಲನ್ನು ಮುರಿಯಬಾರದು, ಅದು ಪ್ರೋಗ್ರಾಮುಗಳು ಓದುವ ಸಾಲು. ತೊಂದರೆಯನ್ನು ಬೇರೊಬ್ಬರು ತಿಳಿಸಿದ್ದರೆ ರಿಪೋರ್ಟೆಡ್-ಬೈ, ಪರೀಕ್ಷಿಸಿ ನೋಡಿದ್ದರೆ ಟೆಸ್ಟೆಡ್-ಬೈ, ಕೂಲಂಕಷವಾಗಿ ಓದಿ ಒಪ್ಪಿದ್ದರೆ ರಿವ್ಯೂಡ್-ಬೈ. ಸ್ನೇಹದಿಂದಾಗಲಿ ಗೌರವದಿಂದಾಗಲಿ ಅವರು ಕೊಡದೆ ಅವರ ಹೆಸರನ್ನು ನಾವೇ ಬರೆಯುವುದು ಖೋಟಾ ಸಾಕ್ಷಿಗೆ ಸಮಾನ. ಒಪ್ಪಿಗೆ ಬಂದ ಮೇಲೆ ತೇಪೆಯನ್ನು ಗಣನೀಯವಾಗಿ ಬದಲಾಯಿಸಿದ್ದಾದರೆ ಹಿಂದಿನ ಒಪ್ಪಿಗೆಯನ್ನು ತೆಗೆದುಬಿಡಬೇಕು.

ಇಷ್ಟೆಲ್ಲವನ್ನು ಓದುವವರು ಯಾರು ಎಂದು ಹುಡುಗ ಕೇಳಿದ. ಮೊದಲ ಓದುಗ ಪರಿಶೀಲಿಸುವ ಮೇಂಟೇನರು, ಅದು ಸರಿ. ಆದರೆ ಅವನು ಓದುವುದು ಒಂದು ಸಲ. ಎರಡನೆಯವನು ಸ್ಟೇಬಲ್ ಆವೃತ್ತಿಗಳನ್ನು ನಡೆಸುವವನು. ಹೊಸ ಕರ್ನೆಲಿಗೆ ಸೇರಿದ ಈ ತೇಪೆಯನ್ನು ಜನರು ಇನ್ನೂ ಬಳಸುತ್ತಿರುವ ಹಳೆಯ ಕರ್ನೆಲುಗಳಿಗೂ ಹಾಕಬೇಕೊ ಬೇಡವೊ ಎಂಬುದನ್ನು ಅವನು ನಿರ್ಣಯಿಸುವುದು ಬಹುಮಟ್ಟಿಗೆ ಸಂದೇಶದಿಂದಲೇ. ‘ಬಳಕೆದಾರನಿಗೆ ಸೊನ್ನೆ ಕಾಣುತ್ತದೆ’ ಎಂಬ ಒಂದು ವಾಕ್ಯ ಅಲ್ಲಿ ಹತ್ತು ವಾಕ್ಯಗಳ ಕೆಲಸ ಮಾಡುತ್ತದೆ. ಫಿಕ್ಸಸ್ ಸಾಲು ಎಷ್ಟು ಹಿಂದಿನ ಆವೃತ್ತಿಯವರೆಗೆ ಹೋಗಬೇಕೆಂಬುದನ್ನು ಸೂಚಿಸುತ್ತದೆ. ಮೂರನೆಯವನು, ಹೊಸ ಕರ್ನೆಲು ಹಾಕಿದ ಮೇಲೆ ಏನೊ ಕೆಟ್ಟಿತೆಂದು ಹುಡುಕಹೊರಟವನು. ಅವನು ಗಿಟ್ ಬೈಸೆಕ್ಟ್ ಎಂಬ ಉಪಾಯದಿಂದ, ಕೆಟ್ಟದ್ದಕ್ಕೂ ಒಳ್ಳೆಯದಕ್ಕೂ ನಡುವಿನ ತೇಪೆಗಳ ರಾಶಿಯನ್ನು ಪ್ರತಿಸಲ ಎರಡು ಪಾಲು ಮಾಡಿ ಪರೀಕ್ಷಿಸುತ್ತ, 16,000 ತೇಪೆಗಳಿದ್ದರೂ ಸುಮಾರು 14 ಸುತ್ತಿನಲ್ಲಿ ತಪ್ಪಿತಸ್ಥನ ಬಾಗಿಲಿಗೆ ಬಂದು ನಿಲ್ಲುತ್ತಾನೆ. ನಡುರಾತ್ರಿಯ ಆ ಹೊತ್ತಿಗೆ ಅವನ ಕಣ್ಣೆದುರಿಗೆ ತೆರೆದುಕೊಳ್ಳುವುದು ನಮ್ಮ ಸಂದೇಶ. ಅವನು ನಮ್ಮನ್ನು ಅರಿಯನು, ನಾವು ಆ ವೇಳೆಗೆ ಬೇರೆ ಕೆಲಸದಲ್ಲಿರಬಹುದು, ನಮ್ಮ ಮಿಂಚಂಚೆಯ ವಿಳಾಸವೂ ಬದಲಾಗಿರಬಹುದು. ‘ಫಿಕ್ಸ್ ಡಿಲೇ ಇಶ್ಯೂ’ ಎಂದು ಅಲ್ಲಿದ್ದರೆ ಅವನು ಇಡುವ ಶಾಪ ಯಾವ ಭಾಷೆಯಲ್ಲಿದ್ದರೂ ತಟ್ಟೀತು.

ಕಳುಹಿಸುವಾಗ ಇನ್ನೊಂದು ಸೂಕ್ಷ್ಮವುಂಟು. ಪರಿಶೀಲನೆಯ ವೇಳೆಗೆ ಮಾತ್ರ ಬೇಕಾದ ಮಾತುಗಳು, ಅಂದರೆ ಇದು ಎರಡನೆಯ ಸಲ ಕಳುಹಿಸುತ್ತಿರುವುದು, ಹೋದಸಲಕ್ಕಿಂತ ಇಂತಿಂಥದು ಬದಲಾಗಿದೆ, ಇಂಥ ಬೋರ್ಡಿನಲ್ಲಿ ಪರೀಕ್ಷಿಸಿದೆ, ಇವು ಶಾಶ್ವತ ಇತಿಹಾಸಕ್ಕೆ ಸೇರತಕ್ಕವಲ್ಲ. ಸಹಿಯ ಸಾಲುಗಳ ಕೆಳಗೆ ಮೂರು ಅಡ್ಡಗೀಟುಗಳನ್ನೆಳೆದು ಅವುಗಳಡಿಯಲ್ಲಿ ಬರೆದರೆ ಮೇಂಟೇನರು ಓದುತ್ತಾನೆ, ಗಿಟ್ ಅದನ್ನು ಕಳಚಿಬಿಡುತ್ತದೆ. ಅನೇಕರು ಇದನ್ನು ತಿರುವುಮುರುವು ಮಾಡಿ, ಕಾರಣವನ್ನೆಲ್ಲ ಗೀಟಿನ ಕೆಳಗೆ ವಿಸ್ತಾರವಾಗಿ ಬರೆದು ಮೇಲೆ ಎರಡು ಪದ ಉಳಿಸುತ್ತಾರೆ. ಉಮಿಯನ್ನು ಹಗೇವಿಗೆ ತುಂಬಿ ಕಾಳನ್ನು ಅಂಗಳದಲ್ಲಿ ಬಿಟ್ಟಂತೆ. ಪರಿಶೀಲಕನ ಪ್ರಶ್ನೆಗೆ ಪತ್ರದಲ್ಲಿ ಉತ್ತರ ಕೊಟ್ಟು ಸುಮ್ಮನಾಗುವುದೂ ಇದೇ ಜಾತಿಯ ತಪ್ಪು. ಒಬ್ಬ ಓದುಗನಿಗೆ ಬಂದ ಸಂಶಯ ಮುಂದಿನವನಿಗೂ ಬರುವುದರಿಂದ, ಉತ್ತರವು ಸಂದೇಶದೊಳಕ್ಕೇ ಹೋಗಬೇಕು. ಕಳುಹಿಸಿದ ಮೇಲೆ ಕನಿಷ್ಠ ಒಂದು ವಾರ ನೆನಪೋಲೆ ಬರೆಯದೆ ಕಾಯಬೇಕು, ಮೇಂಟೇನರುಗಳಿಗೂ ಮನೆಮಠಗಳಿರುತ್ತವೆ.

ಹುಡುಗ ಎರಡನೆಯ ಆವೃತ್ತಿಯನ್ನು ನಮ್ಮ ಪಡಸಾಲೆಯಿಂದಲೇ ಕಳುಹಿಸಿ, ಸಂಜೆ ಸಲಗರೆ ಸ್ಟೇಷನ್ನಿನಲ್ಲಿ ಮಿರಜಿನ ಗಾಡಿ ಹತ್ತಿದ. ಐದನೆಯ ದಿನ ಫೋನು ಮಾಡಿದಾಗ ಅವನ ದನಿಯಲ್ಲಿ ನಗುವಿತ್ತು. ಈ ಸಲ ಮೇಂಟೇನರು ‘ಯಾವ ತೊಂದರೆ’ ಎಂದು ಕೇಳಿರಲಿಲ್ಲ. ಒಂದೇ ಪ್ರಶ್ನೆ: ಡೇಟಾಶೀಟಿನ ಆ 30 ಸಾಮಾನ್ಯ ಬೆಲೆಯೊ, ಗರಿಷ್ಠ ಬೆಲೆಯೊ? ಇಬ್ಬರೂ ಫೋನು ಹಿಡಿದುಕೊಂಡೇ ಕೋಷ್ಟಕವನ್ನು ಮತ್ತೆ ತೆರೆದೆವು. 30ರ ನೆತ್ತಿಯ ಮೇಲೆ ‘ಸಾಮಾನ್ಯ’ ಎಂದಿತ್ತು. ಬಲಗಡೆಯ ಅಂಕಣದಲ್ಲಿ, ನನ್ನ ಕನ್ನಡಕದ ಕಣ್ಣಿಗೆ ಅಂದು ಬೀಳದಿದ್ದ ‘ಗರಿಷ್ಠ’ದ ಅಡಿಯಲ್ಲಿ, 50.

“ಕಾಕಾ, ಮೊದಲ ನಾ ಹಾಕಿದ್ದ ಬರೋಬರಿ ಇತ್ತಲ್ಲ!” ಎಂದ. ಇತ್ತು. ಮೂರನೆಯ ಆವೃತ್ತಿಯಲ್ಲಿ ಕೋಡು ಮೊದಲನೆಯದರ ಪಡಿಯಚ್ಚಾಗಿ, ಒಂದಕ್ಷರವೂ ಬದಲಾಗದೆ, ಹೋಯಿತು. ಬದಲಾದದ್ದು ಅದರ ಮೇಲಿನ ಸಂದೇಶ ಮಾತ್ರ. ಮೇಂಟೇನರು ಅದನ್ನು ಅದೇ ದಿನ ಸೇರಿಸಿಕೊಂಡ.